ಮೇಲಿನ ಮನೆಯ ಸೋರಿಕೆಗೆ ಕೆಳಗಿನ ಬಾಡಿಗೆದಾರ ದಂಡ ತೆರಬೇಕೆ?

ನಮ್ಮ ಸಂಬಂಧಿಕರೊಬ್ಬರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದಾಗ, ಮಾಲೀಕರು ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಂಡದ್ದು ಸಾಲದೆ, ಮಲಗುವ ಕೋಣೆಯ ಚಾವಣಿ ರಿಪೇರಿಯ ಖರ್ಚನ್ನೂ ಹಿಡಿದುಕೊಂಡರು. ಆ ಚಾವಣಿ ಹಾಳಾದದ್ದು ಮೇಲಿನ ಮನೆಯ ಬಚ್ಚಲಿನಿಂದ ಇಳಿದ ನೀರಿನಿಂದ. ಮೊದಲು ತಟ್ಟೆಯಗಲದ ಹಳದಿ ಕಲೆ ಮೂಡಿತು, ಆಮೇಲೆ ಬಣ್ಣ ಉಬ್ಬಿ ಎದ್ದಿತು, ಕೊನೆಗೆ ಗಾರೆಯೇ ಹಾಸಿಗೆಯ ಮೇಲೆ ಉದುರಿತು. ತೊಂದರೆ ಅನುಭವಿಸಿದವರೇ ದಂಡವನ್ನೂ ತೆತ್ತದ್ದು ಅನ್ಯಾಯವೆಂದೇ ನನ್ನ ದೃಢ ಅಭಿಪ್ರಾಯ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು; ಸಹಜ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ವಿನಾಯಿತಿ ಉಂಟು. ನೋಟಿಸ್ ತಲುಪಿದ ಮೂರು ತಿಂಗಳೊಳಗೆ ಸರಿಪಡಿಸಿಕೊಡಬೇಕೆಂದು ಅದು ಹೇಳುವುದು ಬಾಡಿಗೆದಾರ, ಅವನ ಕೆಲಸದವರು ಅಥವಾ ಏಜೆಂಟರ ತಪ್ಪಿನಿಂದಾದ ಹಾನಿಯನ್ನು. ಮೇಲಿನ ಮನೆಯವರು ಈ ಮೂವರಲ್ಲಿ ಯಾರೂ ಅಲ್ಲ.

ತೊಡಕಿರುವುದು ಅದೇ ಸೆಕ್ಷನ್ನಿನ ಆರಂಭದಲ್ಲಿ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ ಮಾತ್ರ ಈ ನಿಯಮಗಳು ಅನ್ವಯಿಸುತ್ತವೆ. ಬ್ರೋಕರ್ ತಂದುಕೊಡುವ ಹನ್ನೊಂದು ತಿಂಗಳ ಸಿದ್ಧ ಅಗ್ರಿಮೆಂಟಿನಲ್ಲಿ "ಯಾವುದೇ ಹಾನಿಗೆ ಬಾಡಿಗೆದಾರರೇ ಜವಾಬ್ದಾರರು" ಎಂಬ ಸಾಲು ಇದ್ದರೆ, ಕಾನೂನು ಕೊಟ್ಟ ರಕ್ಷಣೆಯನ್ನು ನಾವೇ ಸಹಿ ಹಾಕಿ ಬಿಟ್ಟುಕೊಡುವ ಅಪಾಯವಿದೆ. ಆಗಲೂ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರು ಮುರಿದುದಕ್ಕೆ ಇಂತಿಷ್ಟು ಎಂದು ಮೊದಲೇ ಬರೆದಿಟ್ಟ ಮೊತ್ತವು ಪರಿಹಾರದ ಮೇಲ್ಮಿತಿಯಷ್ಟೇ. ಕೊಡಿಸುವುದು ನ್ಯಾಯೋಚಿತವಾದಷ್ಟನ್ನು ಮಾತ್ರ.

ಮಾಲೀಕರ ಕಷ್ಟವೂ ಸುಳ್ಳಲ್ಲ. ಮನೆ ಸಾಲದ ಕಂತು ಕಟ್ಟುತ್ತಾ ಆ ಬಾಡಿಗೆಯನ್ನೇ ನಂಬಿದವರಿದ್ದಾರೆ. ನಾವು ಕರೆದ ಅತಿಥಿ ಬಾಗಿಲಿನ ಗಾಜು ಒಡೆದರೆ, ನಾವು ಕರೆಸಿದ ಪ್ಲಂಬರ್ ಪೈಪ್ ಒಡೆದರೆ, ಅದನ್ನು ಸರಿಮಾಡಿಸಿಕೊಡುವುದು ನಮ್ಮ ಕರ್ತವ್ಯ. ಸೋರಿಕೆ ಕಂಡೂ ತಿಂಗಳುಗಟ್ಟಲೆ ತಿಳಿಸದೆ ಕುಳಿತರೆ, ಆ ಮೌನದಿಂದ ಹೆಚ್ಚಿದ ಹಾನಿಯ ಪಾಲನ್ನೂ ನಾವೇ ಹೊರಬೇಕಾಗುತ್ತದೆ. ಆದ್ದರಿಂದ ಕಲೆ ಕಂಡ ದಿನವೇ ಫೋಟೋ ತೆಗೆದು, ದಿನಾಂಕ ಉಳಿಯುವಂತೆ ವಾಟ್ಸಾಪ್‌ನಲ್ಲಿ ಮಾಲೀಕರಿಗೆ ಕಳುಹಿಸಿ. ಕಳ್ಳರು ಬೀಗ ಮುರಿದಿದ್ದರೆ ಪೊಲೀಸ್ ದೂರಿನ ಪ್ರತಿಯನ್ನು ಜೋಪಾನವಾಗಿಡಿ. ಮೇಲಿನ ಮನೆಯವರಿಂದ ಖರ್ಚು ವಸೂಲಿ ಮಾಡಬೇಕಾದವರು ಮಾಲೀಕರು. ಅಪಾರ್ಟ್‌ಮೆಂಟ್ ಸಂಘದಲ್ಲಿ ಸದಸ್ಯತ್ವವಿರುವುದೂ ಸಾಮಾನ್ಯವಾಗಿ ಅವರಿಗೇ.

ಸಹಿ ಹಾಕುವ ಮೊದಲು ಆ ಸಾಲನ್ನು "ಬಾಡಿಗೆದಾರರು, ಅವರ ಕುಟುಂಬದವರು, ಅತಿಥಿಗಳು ಮತ್ತು ಅವರು ನೇಮಿಸಿದವರಿಂದಾದ ಹಾನಿಗೆ ಮಾತ್ರ" ಎಂದು ತಿದ್ದಿಸಿಕೊಳ್ಳಿ. ನ್ಯಾಯವಾಗಿ ನಡೆಯುವ ಮಾಲೀಕರು ಇದಕ್ಕೆ ಒಲ್ಲೆ ಎನ್ನಲಾರರು.