ಸ್ತ್ರೀವೇಷ ಕಳಚಿದ ಮೇಲಿನ ಬದುಕು: ಬಹಿರಂಗವಾಗಿ ಮಾತಾಡಬೇಕೇ, ಬೇಡವೇ?

ಯಕ್ಷಗಾನ ಮೇಳಗಳಲ್ಲಿ ಹೆಣ್ಣಿನ ಪಾತ್ರ ಮಾಡುವ ಗಂಡಸರನ್ನು ರಂಗಸ್ಥಳದಲ್ಲಿ ಎಲ್ಲರೂ ನೋಡಿದ್ದೇವೆ. ಬಣ್ಣ ಹಚ್ಚುವ ಚೌಕಿಯಿಂದ ಹೊರಬಿದ್ದ ಮೇಲೆ ಅವರ ಬದುಕು ಹೇಗಿರುತ್ತದೆ, ಅದನ್ನು ಊರೆದುರು ಚರ್ಚಿಸುವುದು ಸರಿಯೇ? ಇಬ್ಬರು ಬರೆದಿದ್ದಾರೆ, ಇಬ್ಬರೂ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ನೋಡಿಯೇ ಬೆಳೆದವರು.

ಪರ: ಮಾತಾಡಲೇಬೇಕು

ಕರಾವಳಿಯವರು ಈ ವಿಷಯ ಮಾತಾಡುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಾಸ್ತಿನೇ ಮಾತಾಡುತ್ತೇವೆ. ಆಟದ ಗದ್ದೆಯಲ್ಲಿ ಕೂತು, ಚಹಾದಂಗಡಿಯಲ್ಲಿ ನಿಂತು, ಈಗೀಗ ವಾಟ್ಸಾಪ್ ಗುಂಪುಗಳಲ್ಲಿ. ಸ್ತ್ರೀವೇಷ ಮಾಡುವವರ ನಡಿಗೆ, ದನಿ, ಮದುವೆ, ಮಕ್ಕಳು ಎಲ್ಲದರ ಬಗ್ಗೆಯೂ ನಮ್ಮ ಹತ್ತಿರ ಕತೆಗಳಿವೆ. ಆ ಕತೆಗಳಲ್ಲಿ ಅವರ ಸ್ವಂತ ಮಾತು ಒಂದು ಇರುವುದಿಲ್ಲ, ಅಷ್ಟೇ. ನಾವು ಬಹಿರಂಗವಾಗಿ ಬಾಯಿ ಮುಚ್ಚಿಕೊಂಡಷ್ಟೂ ಗುಸುಗುಸು ಮಾತಾಡುವವರಿಗೆ ಅನುಕೂಲ. ನನ್ನ ಸಿಟ್ಟು ಇರುವುದು ಇದರ ಮೇಲೆ.

ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಬಿಚ್ಚುವುದು ಮೇ ಕೊನೆಯಲ್ಲಿ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ದಿನಕ್ಕೆ. ಹತ್ತಿರ ಹತ್ತಿರ 6 ತಿಂಗಳು ದಿನಕ್ಕೊಂದು ಊರು. ಈಗ ಕೆಲವು ಮೇಳಗಳು ಕಾಲಮಿತಿಗೆ ಬಂದಿವೆ, ನಡುರಾತ್ರಿಗೆ ಆಟ ಮುಗಿಯುತ್ತದೆ. ಮೊದಲೆಲ್ಲ ಬೆಳಗಿನವರೆಗೆ ಕುಣಿದು, ಬಣ್ಣ ತೊಳೆದು, ಸಿಕ್ಕ ಜಗಲಿಯಲ್ಲಿ ಮಲಗುವುದೇ ಬದುಕು. ಈ ಓಡಾಟದಲ್ಲಿ 16-17ರ ಹುಡುಗರೂ ಇರುತ್ತಾರೆ. ಕತೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಎಂಬ ಕಲಿಕೆಯ ವೇಷಗಳನ್ನು ಮಾಡಿ, ಆಮೇಲೆ ಅಲ್ಲಿಯೇ ಕುಣಿಯುವ ಪೀಠಿಕೆಯ ಸ್ತ್ರೀವೇಷಕ್ಕೆ ಬರುವುದು ಹಳೆಯ ದಾರಿ. ತೆಳ್ಳಗಿರುವ, ಮುಖ ಚೆಂದ ಇರುವ ಹುಡುಗನಿಗೆ ಸೀರೆ ಬೇಗ ಸಿಗುತ್ತದೆ. ಸೀರೆಯ ಜೊತೆಗೆ ಶಿಳ್ಳೆಯೂ ಬರುತ್ತದೆ, ಫೋನ್ ನಂಬರ್ ಕೇಳುವವರೂ ಬರುತ್ತಾರೆ, ಫೋಟೋ ಹಾಕಿದರೆ ಅದರ ಕೆಳಗೆ ಓದಲಾಗದ ಮಾತುಗಳು.

ಮಳೆಗಾಲದ ಚಿಕ್ಕಮೇಳವನ್ನೇ ತೆಗೆದುಕೊಳ್ಳಿ. ಒಂದು ಸ್ತ್ರೀವೇಷ, ಒಂದು ಪುರುಷವೇಷ, ಪದ್ಯ ಹಾಡುವ ಭಾಗವತರು, ಚೆಂಡೆ ಮದ್ದಳೆಯವರು. ಸಂಜೆಯಾದ ಮೇಲೆ ಮನೆಮನೆಗೆ ಹೋಗಿ ಚಾವಡಿಯಲ್ಲಿ ಸಣ್ಣ ಪ್ರಸಂಗ ಆಡುತ್ತಾರೆ. ಇಲ್ಲಿ ರಂಗಸ್ಥಳ ಇಲ್ಲ, ಚೌಕಿಯೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ವೇಷ ಕಳಚದೆಯೇ ಕೆಸರು ದಾರಿಯಲ್ಲಿ ನಡೆಯಬೇಕು. ಪುರುಷವೇಷದವನೂ ಅದೇ ದಾರಿಯಲ್ಲಿ ನಡೆಯುತ್ತಾನೆ, ಆದರೆ ಕುಡಿದವರು ಸೆರಗು ಎಳೆಯುವುದು ಯಾರದ್ದು? ಕಿರಿಯ ಹುಡುಗ ಇದನ್ನು ಯಾರ ಹತ್ತಿರ ಹೇಳಬೇಕು? ಮನೆಯಲ್ಲಿ ಹೇಳಿದರೆ ಮೇಳ ಬಿಡಿಸುತ್ತಾರೆ. ಮೇಳದಲ್ಲಿ ಹೇಳಿದರೆ "ಇದೆಲ್ಲ ಇದ್ದದ್ದೇ ಮಾರಾಯ" ಅಂತ ನಗುತ್ತಾರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡು ಹುಡುಗರಿಗೂ ರಕ್ಷಣೆ ಕೊಡುತ್ತದೆ ಅಂತ ಎಷ್ಟು ಮೇಳಗಳಲ್ಲಿ ಹುಡುಗರನ್ನು ಕೂರಿಸಿ ಹೇಳಿದ್ದಾರೆ? ಇದನ್ನು ಹೇಳಲು ಮೊದಲು ಈ ವಿಷಯ ಇದೆ ಅಂತ ಒಪ್ಪಿಕೊಳ್ಳಬೇಕಲ್ವಾ?

ಇನ್ನೊಂದು ಮಾತು. ಸ್ತ್ರೀವೇಷ ಮಾಡುವ ಹೆಚ್ಚಿನವರು ಹೆಂಡತಿ ಮಕ್ಕಳ ಜೊತೆ ಸಾಮಾನ್ಯ ಸಂಸಾರ ಮಾಡುವವರು. ಅವರಿಗೆ ಸೀರೆ ಒಂದು ಕಸುಬು, ಬೆವರು ಸುರಿಸಿ ಕಲಿತ ವಿದ್ಯೆ. ಆದರೆ ಸೀರೆ ಉಟ್ಟಾಗ ಮಾತ್ರ ತನ್ನ ನಿಜವಾದ ಮೈಯಲ್ಲಿ ಇದ್ದೇನೆ ಅನಿಸುವ ಒಬ್ಬ ಹುಡುಗನೂ ಎಲ್ಲೋ ಇರಬಹುದು. ಗಂಡಸನ್ನೇ ಪ್ರೀತಿಸುವವನೂ ಇರಬಹುದು, ಅವನು ಸ್ತ್ರೀವೇಷಧಾರಿಯೇ ಆಗಿರಬೇಕೆಂದೇನಿಲ್ಲ, ರಾಕ್ಷಸನ ಪಾತ್ರ ಮಾಡುವ ಬಣ್ಣದ ವೇಷದವನೂ ಆಗಿರಬಹುದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದಿತು. ಕೋರ್ಟು ಅಪರಾಧ ಅಲ್ಲ ಎಂದದ್ದನ್ನು ನಾವು ಬೈಗುಳದ ಹಾಗೆ ಬಳಸುತ್ತಿದ್ದೇವೆ. "ನಮ್ಮವರು ಹಾಗಿಲ್ಲ, ನಮ್ಮ ಕಲೆಗೆ ಅವಮಾನ" ಅಂತ ಎದ್ದು ನಿಲ್ಲುವಾಗ, ಹಾಗಿರುವ ಆ ಒಬ್ಬ ಹುಡುಗನ ಎದುರಿಗೇ ನೀನು ಅವಮಾನ ಅಂತ ಹೇಳಿದಂತಾಗುತ್ತದೆ. ನನಗೆ ಅವನದ್ದೇ ಚಿಂತೆ.

ಬಳ್ಳಾರಿ ಸೀಮೆಯ ಜೋಗತಿ ನೃತ್ಯದ ಕಲಾವಿದೆ, ಗಂಡಾಗಿ ಹುಟ್ಟಿದ ಮಂಜಮ್ಮ ಜೋಗತಿಯವರನ್ನು ನೋಡಿ. ಅವರದ್ದು ಬೇರೆ ಕಲೆ, ಬೇರೆ ಬದುಕು. ಅವರು ಹೆಣ್ಣಾಗಿಯೇ ಬಾಳುವವರು, ವೇಷ ಅಲ್ಲ, ಇದನ್ನು ಬೆರೆಸಬಾರದು. ಆದರೆ ತಮ್ಮ ಕಷ್ಟವನ್ನು ಅವರು ಮುಚ್ಚಿಡದೆ ಊರಿಗೆಲ್ಲ ಹೇಳಿದರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಹೇಳಿದ್ದರಿಂದ ಅವರ ಕಲೆಯ ಮರ್ಯಾದೆ ಕಡಿಮೆಯಾಯಿತಾ?

ಹೆಂಡತಿಯರ ಮಾತಂತೂ ಯಾರೂ ಕೇಳಿಲ್ಲ. ಅರ್ಧ ವರ್ಷ ಗಂಡ ರಾತ್ರಿ ಮನೆಯಲ್ಲಿಲ್ಲ, ಊರಿನವರ ಕೊಂಕು ಮಾತ್ರ ಮನೆಗೇ ಬರುತ್ತದೆ. ಆ ಹೆಂಗಸರು ಬಾಯಿ ಬಿಟ್ಟರೆ ನಾವು ಕಲಿಯುವುದು ಬೇಕಾದಷ್ಟಿದೆ.

ವಿರೋಧ: ಅವರಷ್ಟಕ್ಕೆ ಅವರನ್ನು ಬಿಡಿ

ನನ್ನ ಸೋದರಮಾವ ಸ್ತ್ರೀವೇಷ ಮಾಡುತ್ತಿದ್ದರು. ಅವರನ್ನು ಮಾತಾಡಿಸಲು ಬಂದವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಎಷ್ಟೇ ಸುತ್ತಿಬಳಸಿ ಬಂದರೂ, ಒಂದೇ: ಮನೆಯಲ್ಲಿ ಹೇಗಿರ್ತೀರಿ? ಮಹಿಷಾಸುರ ಮಾಡುವವರ ಹತ್ತಿರ ಮನೆಯಲ್ಲೂ ಹೀಗೇ ಅಬ್ಬರಿಸ್ತೀರಾ ಅಂತ ಯಾರೂ ಕೇಳುವುದಿಲ್ಲ. ಹಾಸ್ಯಗಾರನ ಸಂಸಾರದ ಬಗ್ಗೆ ಯಾರಿಗೂ ಕುತೂಹಲ ಇಲ್ಲ. ಮೇಳದಲ್ಲಿ ಅಷ್ಟು ಜನ ಇರುವಾಗ ಸೀರೆ ಉಟ್ಟವರ ಮಲಗುವ ಕೋಣೆಯೇ ಯಾಕೆ ಬೇಕು? ಬಹಿರಂಗ ಚರ್ಚೆ ಅಂತ ಶುರುವಾದದ್ದು ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುವುದನ್ನು ನಾನು ನೋಡಿದ್ದೇನೆ.

ಚರ್ಚೆ ಬೇಕೆನ್ನುವವರು ಒಂದು ಸಂಗತಿ ಮರೆಯುತ್ತಾರೆ. ಒಂದು ಮೇಳದಲ್ಲಿ ಸ್ತ್ರೀವೇಷದವರು ಬೆರಳೆಣಿಕೆಯಷ್ಟೇ ಜನ. ಅವರ ಹೆಸರು, ಹೆಸರಿನ ಹಿಂದೆ ಊರು, ಮೇಳ ಎಲ್ಲವೂ ಆಟದ ಪೋಸ್ಟರ್‌ನಲ್ಲೇ ಇರುತ್ತದೆ. ದೊಡ್ಡ ನಗರದಲ್ಲಿ ಕುಳಿತು "ಸ್ತ್ರೀವೇಷಧಾರಿಗಳಲ್ಲಿ ಕೆಲವರು ಹೀಗೆ" ಅಂತ ಹೇಳಿದರೆ ಅದು ಸಾಮಾನ್ಯ ಮಾತು ಅನಿಸುತ್ತದೆ. ಊರಲ್ಲಿ ಆ ಮಾತು ನೇರ ಮೂವರ ನಾಲ್ವರ ಮನೆ ಬಾಗಿಲಿಗೆ ಹೋಗುತ್ತದೆ. ಮಗಳಿಗೆ ಸಂಬಂಧ ನೋಡುವಾಗ ಹುಡುಗನ ಕಡೆಯವರು ಏನು ವಿಚಾರಿಸುತ್ತಾರೆ ಅಂತ ನನ್ನ ಅತ್ತೆಗೆ ಗೊತ್ತು. ಹೆಸರು ಹೇಳದಿದ್ದರೆ ಆಯಿತು ಅನ್ನುವ ಉಪಾಯ ಯಕ್ಷಗಾನದಲ್ಲಿ ನಡೆಯುವುದಿಲ್ಲ, ಯಾಕೆಂದರೆ ಹೆಸರು ಎಲ್ಲರಿಗೂ ಮೊದಲೇ ಗೊತ್ತು.

ದೇವಿ ಮಹಾತ್ಮೆ ಆಟ ನೋಡಿದವರಿಗೆ ಇನ್ನೊಂದು ವಿಷಯವೂ ಅರ್ಥವಾಗುತ್ತದೆ. ವರ್ಷಗಟ್ಟಲೆ ಕಾದು ಆಡಿಸುವ ಹರಕೆ ಆಟ ಅದು. ಉಯ್ಯಾಲೆಯಲ್ಲಿ ಕೂತ ದೇವಿಗೆ ಜನ ಕೈಮುಗಿಯುತ್ತಾರೆ, ವಯಸ್ಸಾದ ಅಮ್ಮಂದಿರ ಕಣ್ಣು ತುಂಬುತ್ತದೆ. ಆ ದೇವಿ ಮಾಡಿದವರು ಮರುದಿನ ಪ್ಯಾಂಟು ಶರ್ಟಿನಲ್ಲಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಎಷ್ಟೋ ಜನಕ್ಕೆ ಗುರುತು ಸಿಗುವುದಿಲ್ಲ. ಮಾವನಿಗೆ ಅದು ಬೇಕಾಗಿತ್ತು. ಬಣ್ಣ ತೊಳೆದ ಮೇಲೆ ಯಾರೂ ಅಲ್ಲದವನಾಗಿ ಮೀನು ತೆಗೆದುಕೊಂಡು ಮನೆಗೆ ಹೋಗುವುದು ಅವರಿಗೆ ಸುಖ ಕೊಡುತ್ತಿತ್ತು. ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗೆ ಯಾರು ಕೊಟ್ಟರು?

ಬಾಲಗಂಧರ್ವರ ಕತೆ ಗೊತ್ತಿರಬಹುದು. 1888ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಮರಾಠಿ ರಂಗಭೂಮಿಯ ಮಹಾನ್ ನಟ, ಗಾಯಕ. ರಂಗದಲ್ಲಿ ಅವರು ಸೀರೆ ಉಟ್ಟ ರೀತಿ ನೋಡಿ ದೊಡ್ಡ ಮನೆತನದ ಹೆಂಗಸರು ಹಾಗೆಯೇ ಉಟ್ಟರು. ಅದೇ ಜನ, ನಮ್ಮ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸೋದರಿ ಗೋಹರಬಾಯಿ ಬಾಲಗಂಧರ್ವರ ಬದುಕಿಗೆ ಬಂದಾಗ ಆಡಬಾರದ್ದೆಲ್ಲ ಆಡಿದರು. ಇವತ್ತಿಗೂ ಅವರ ಹಾಡಿಗಿಂತ ಆ ಸಂಬಂಧದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಸಿಗುತ್ತಾರೆ. ಖಾಸಗಿ ಬದುಕಿನ ಚರ್ಚೆಯಿಂದ ಕಲಾವಿದರಿಗೆ ಸಿಗುವುದು ಇಂಥದ್ದೇ.

ಮಂಜಮ್ಮನವರ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಅವರು ತಾವಾಗಿ ಹೇಳಿದರು. ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಅಂತ ಅವರೇ ತೀರ್ಮಾನ ಮಾಡಿದರು. ನಾಳೆ ಸ್ತ್ರೀವೇಷದ ಹುಡುಗನೊಬ್ಬ ತಾನು ಯಾರು ಅಂತ ಸ್ವತಃ ಬರೆದರೆ ನಾನು ಅವನ ಜೊತೆಗೆ ನಿಲ್ಲುತ್ತೇನೆ, ಬೈಯಲು ಬಂದವರ ಜೊತೆ ಜಗಳವನ್ನೂ ಆಡುತ್ತೇನೆ. ಅವನು ಹೇಳುವ ಮೊದಲೇ ಅವನ ಪರವಾಗಿ ಸಭೆ ಮಾಡುವುದನ್ನು ಒಪ್ಪುವುದಿಲ್ಲ. ಅದರಿಂದ ಅವನು ಇನ್ನೂ ಒಳಗೆ ಸೇರಿಕೊಳ್ಳುತ್ತಾನೆ.

ಹುಡುಗರಿಗೆ ತೊಂದರೆ ಆಗುತ್ತದೆ ಅನ್ನುವುದು ನಿಜ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಔಷಧ ಪೊಲೀಸ್ ದೂರು, ಮೇಳದಲ್ಲಿ ಗಟ್ಟಿ ನಿಯಮ. ಹದಿನೆಂಟು ತುಂಬದವರನ್ನು ಚಿಕ್ಕಮೇಳದಲ್ಲಿ ಹಿರಿಯರಿಲ್ಲದೆ ಕಳಿಸಬಾರದು. ಮಲಗುವ ಜಾಗ ಬೇರೆ ಇರಬೇಕು. ಇದನ್ನೆಲ್ಲ ಮಾಡಲು ಯಾರ ಮನಸ್ಸಿನಲ್ಲಿ ಏನಿದೆ ಅಂತ ಕೆದಕುವ ಅಗತ್ಯವೇ ಇಲ್ಲ. ತೊಂದರೆ ಕೊಡುವವನು ಪ್ರೇಕ್ಷಕರಲ್ಲಿ ಇರುತ್ತಾನೆ, ಜೊತೆಯವರಲ್ಲಿ ಇರುತ್ತಾನೆ, ಆದರೆ ಚರ್ಚೆ ಮಾತ್ರ ಯಾವಾಗಲೂ ಸೀರೆ ಉಟ್ಟವನ ಸುತ್ತ ಯಾಕೆ ನಡೆಯಬೇಕು?

ಮಾತಾಡಲೇಬೇಕು ಅಂದರೆ ಕಲೆಯ ಬಗ್ಗೆ ಮಾತಾಡಿ. ಪಾತಾಳ ವೆಂಕಟರಮಣ ಭಟ್ಟರು ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಸ್ತ್ರೀವೇಷದ ಭಂಗಿ, ಆಭರಣ ತಿದ್ದಿಕೊಂಡರು. ಕೋಳ್ಯೂರು ರಾಮಚಂದ್ರ ರಾಯರು ವಯಸ್ಸಾದ ಮೇಲೂ ದಮಯಂತಿಯಾಗಿ ನಿಂತರೆ ಜನ ವಯಸ್ಸು ಮರೆಯುತ್ತಿದ್ದರು. ಮಂಟಪ ಪ್ರಭಾಕರ ಉಪಾಧ್ಯರು ಇಡೀ ರಂಗವನ್ನು ಒಬ್ಬರೇ ಸ್ತ್ರೀವೇಷದಲ್ಲಿ ತುಂಬಿದರು. ಗಂಡಿನ ಹೆಗಲು, ಗಂಡಿನ ಗಂಟಲು ಇಟ್ಟುಕೊಂಡು ಇದನ್ನೆಲ್ಲ ಹೇಗೆ ಸಾಧಿಸಿದರು ಅಂತ ವಿವರವಾಗಿ ದಾಖಲೆ ಮಾಡಿದವರು ಎಷ್ಟು ಜನ? ಮಾವನ ಹತ್ತಿರ ಒಮ್ಮೆ ಒಬ್ಬ ವಿದ್ಯಾರ್ಥಿ, ದ್ರೌಪದಿಯ ಅಳುವಿಗೂ ಚಂದ್ರಮತಿಯ ಅಳುವಿಗೂ ದನಿ ಹೇಗೆ ಬದಲಾಯಿಸ್ತೀರಿ ಅಂತ ಕೇಳಿದ್ದ. ಮಾವ ಆವತ್ತು ಊಟಕ್ಕೆ ಕರೆದರೂ ಏಳದೆ, ಒಂದೊಂದು ಪದ್ಯವನ್ನೂ ಹಾಡಿ ತೋರಿಸಿದರು.