ಚಿಮಣಿ ಬರೆಯದವನ ಬುದ್ಧಿ

ಹಳೇ ಮೈಸೂರಿನ ಕಡೆ ಒಕ್ಕಲುಗಳು ಜಮೀನಿನ ಧಣಿಯನ್ನು ‘ಬುದ್ಧೀ’ ಎಂದೇ ಕೂಗುತ್ತಿದ್ದರು. ಧಣಿಗೆ ಬುದ್ಧಿ ಎಷ್ಟಿದೆ ಎಂದು ಯಾರೂ ಅಳೆಯಲಿಲ್ಲ. ಸೇರು, ಕೊಳಗ ಎರಡೂ ಅವನ ಕೈಯಲ್ಲೇ ಇದ್ದವಲ್ಲ!

ಬುದ್ಧಿಗೂ ಒಂದು ಸೇರು ಬೇಕೆಂದು ಹಟ ಹಿಡಿದವರು ಮನೋವಿಜ್ಞಾನಿಗಳು. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕ್ಸ್ ಎಂಬ ಪ್ರೊಫೆಸರರು ಸೇನೆಯನ್ನು ಒಪ್ಪಿಸಿ, ಸುಮಾರು 17 ಲಕ್ಷ ಜನರ ತಲೆಗೆ ಅಂಕ ಹಾಕಿಸಿದರು. ಇಂಗ್ಲಿಷ್ ಓದಬಲ್ಲವರಿಗೆ ಆಲ್ಫಾ ಪರೀಕ್ಷೆ, ಓದಲು ಬಾರದವರಿಗೆ ಬೀಟಾ.

ಆಲ್ಫಾದ ಒಂದು ಪ್ರಶ್ನೆ: ಕ್ರಿಸ್ಕೊ ಎಂದರೆ ಔಷಧವೋ, ಕ್ರಿಮಿನಾಶಕವೋ, ಹಲ್ಲುಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ? ಅದು ಅಲ್ಲಿಯ ಅಂಗಡಿಯಲ್ಲಿ ಸಿಗುತ್ತಿದ್ದ ಒಂದು ಬಗೆಯ ವನಸ್ಪತಿ ತುಪ್ಪ. ಗೊತ್ತಿದ್ದವನು ಜಾಣ. ಆಲಿವ್ ಎಣ್ಣೆಯಲ್ಲಿ ಅಡುಗೆ ಮಾಡುವ ತಾಯಿಯ ಮಗನಾಗಿ ಹುಟ್ಟಿದ್ದರೆ ಅದು ಅವನ ಪ್ರಾರಬ್ಧ.

ಬೀಟಾ ಇನ್ನೂ ಸೊಗಸು. ಮೂರು ನಿಮಿಷ, ಇಪ್ಪತ್ತು ಚಿತ್ರ. ಪ್ರತಿ ಚಿತ್ರದಲ್ಲೂ ಏನೋ ಒಂದು ಬಿಟ್ಟುಹೋಗಿದೆ, ಅದನ್ನು ಬರೆದು ತುಂಬಬೇಕು. ಬಲೆಯಿಲ್ಲದ ಟೆನಿಸ್ ಅಂಗಳ, ತಂತಿಯಿಲ್ಲದ ವಿದ್ಯುತ್ ಬಲ್ಬು, ಕಹಳೆಯಿಲ್ಲದ ಗ್ರಾಮಫೋನು. ಬರೆಯಲು ಕೂತವರಲ್ಲಿ ಹಲವರು ಪೆನ್ಸಿಲ್ ಹಿಡಿದದ್ದೇ ಅಂದು ಮೊದಲು. ಒಂದು ಚಿತ್ರದಲ್ಲಿ ಮನೆಯಿತ್ತು, ಮಾಡಿನ ಮೇಲೆ ಚಿಮಣಿ ಇರಲಿಲ್ಲ. ಸಿಸಿಲಿಯಿಂದ ಬಂದ ಒಬ್ಬ ಸಿಪಾಯಿ ತನ್ನೂರಿನ ಮನೆಗಳನ್ನು ನೆನೆದು, ಅಲ್ಲಿ ಇರಬೇಕಾದ ಕಡೆ ಭಕ್ತಿಯಿಂದ ಒಂದು ಶಿಲುಬೆ ಬರೆದ. ತಪ್ಪು ಎಂದು ಗುರುತು ಹಾಕಿದರು.

ಎಲ್ಲ ಕೂಡಿಸಿ ನೋಡಿದರೆ ಬಿಳಿಯ ಅಮೆರಿಕನ್ನನ ಸರಾಸರಿ ಮಾನಸಿಕ ವಯಸ್ಸು (ಎಷ್ಟು ವರ್ಷದ ಮಗುವಿನಷ್ಟು ಬುದ್ಧಿ ಎಂಬ ಲೆಕ್ಕ) ಸುಮಾರು 13 ಎಂದು ಬಂತು. ಎಂಟರಿಂದ ಹನ್ನೆರಡರವರೆಗಿನ ಮಾನಸಿಕ ವಯಸ್ಸಿನವರಿಗೆ ಹೆನ್ರಿ ಗೊಡಾರ್ಡ್ ಎಂಬ ಇನ್ನೊಬ್ಬ ಪಂಡಿತರು ಆಗಲೇ ‘ಮೊರಾನ್’, ಅಂದರೆ ಮಂದಮತಿ, ಎಂದು ನಾಮಕರಣ ಮಾಡಿಟ್ಟಿದ್ದರು. ಅಂದರೆ ಇಡೀ ದೇಶ ಒಂದೇ ಮೆಟ್ಟಿಲ ಅಂತರದಲ್ಲಿ ಪಾರಾಗಿತ್ತು! ತಕ್ಕಡಿ ಸರಿಯಿದೆಯೇ ಎಂದು ನೋಡುವುದು ಬಿಟ್ಟು, ದೇಶದ ತೂಕ ಇಳಿಯಿತೆಂದು ಎದೆ ಬಡಿದುಕೊಂಡವರೇ ಹೆಚ್ಚು. ಸರಾಸರಿ ವಯಸ್ಕನ ಬುದ್ಧಿ ಸರಾಸರಿ ವಯಸ್ಕನ ಬುದ್ಧಿಗಿಂತ ಕಡಿಮೆಯಾಗುವುದು ಹೇಗೆಂದು 1922ರಲ್ಲಿ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಕಾಲೆಳೆದರು.

ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ವಲಸೆ ಬಂದವರು ಅಮೆರಿಕದಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಹೆಚ್ಚು ಅಂಕ ಪಡೆದಿದ್ದರು. ಊರು ರೂಢಿಯಾಯಿತು, ಕ್ರಿಸ್ಕೊ ಪರಿಚಯವಾಯಿತು ಎಂದು ಸಂತೆಗೆ ಹೋಗಿ ಬರುವ ಯಾವ ಹೆಂಗಸಾದರೂ ಹೇಳಿಬಿಡುತ್ತಿದ್ದಳು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಾರ್ಲ್ ಬ್ರಿಗಮ್ ಅವರಿಗೆ ಹಾಗನ್ನಿಸಲಿಲ್ಲ. ಹಿಂದೆ ಬಂದವರು ಉತ್ತಮ ಕುಲದವರು, ಈಚೆಗೆ ಬರುತ್ತಿರುವವರು ಮಂದಬುದ್ಧಿಯವರು ಎಂದು 1923ರಲ್ಲಿ ಪುಸ್ತಕವನ್ನೇ ಬರೆದರು. ಏಳು ವರ್ಷದ ಮೇಲೆ ತಮ್ಮ ವಾದಕ್ಕೆ ಬುಡವೇ ಇಲ್ಲವೆಂದು ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ 1924ರ ವಲಸೆ ಕಾನೂನು ಬಂದು ಇಟಲಿ, ಪೋಲೆಂಡಿನವರ ಮೂಗಿನ ಮುಂದೆ ಬಾಗಿಲು ಮುಕ್ಕಾಲು ಮುಚ್ಚಿಯಾಗಿತ್ತು.

ಇಷ್ಟೆಲ್ಲ ಅಳೆದ ಮೇಲೆ, ಬುದ್ಧಿ ಎಂದರೆ ಏನು ಸ್ವಾಮಿ? 1923ರಲ್ಲಿ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್ (ಹೆಸರಿಗೆ ನಾನು ಹೊಣೆಯಲ್ಲ) ಉತ್ತರ ಕೊಟ್ಟರು: ಬುದ್ಧಿಪರೀಕ್ಷೆಗಳು ಯಾವುದನ್ನು ಪರೀಕ್ಷಿಸುತ್ತವೆಯೋ ಅದೇ ಬುದ್ಧಿ. ಸೇರಿಗೆ ಬಿದ್ದದ್ದೆಲ್ಲ ಭತ್ತ, ಹೊರಗೆ ಚೆಲ್ಲಿದ್ದು ಹೊಟ್ಟು.

ಮೊದಲ ಸೇರನ್ನು ಮಾಡಿದ ಆಲ್ಫ್ರೆಡ್ ಬಿನೆ ಪಾಪದ ಮನುಷ್ಯ. ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯಲು 1905ರಲ್ಲಿ ಅದನ್ನು ಮಾಡಿದರು, 1911ರಲ್ಲಿ ಕಣ್ಣು ಮುಚ್ಚಿದರು. ಮುಂದಿನದನ್ನು ನೋಡಲಿಲ್ಲ, ಪುಣ್ಯವಂತರು. ಅವರ ಪರೀಕ್ಷೆ ನಮ್ಮ ಕಡೆಗೂ ಬಂತು. ವಿ.ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಒಗ್ಗಿಸಬೇಕು ಎಂದು ಅವರಿಗಾದರೂ ಹೊಳೆಯಿತಲ್ಲ!

ಯರ್ಕ್ಸ್ ಸಾಹೇಬರು ಆ ಮನೆಯ ಚಿತ್ರವನ್ನು ಧಾರವಾಡ ಕಡೆಯ ನನ್ನ ಅಜ್ಜಿಯ ಮುಂದೆ ಹಿಡಿದಿದ್ದರೆ, ಅವಳು ಮೊದಲು ಅಂಗಳದಲ್ಲಿ ತುಳಸಿಕಟ್ಟೆ ಬರೆಯುತ್ತಿದ್ದಳು. ಅದಲ್ಲ ಅಜ್ಜಿ, ಚಿಮಣಿ ಇಲ್ಲ ನೋಡಿ ಎಂದು ಯಾರಾದರೂ ಉತ್ತರವನ್ನೇ ಹೇಳಿಕೊಟ್ಟಿದ್ದರೆ, ಹೌದಲ್ಲ ಎಂದು ನಾಲಿಗೆ ಕಚ್ಚಿಕೊಂಡು, ಬಾಗಿಲ ಪಕ್ಕದ ಗೂಡಿನಲ್ಲಿ ಸೀಮೆಎಣ್ಣೆಯ ಬುಡ್ಡಿಯೊಂದನ್ನು ಬರೆದು, ಬತ್ತಿಗೆ ಉರಿಯನ್ನೂ ಹಚ್ಚಿ ಕೊಡುತ್ತಿದ್ದಳು.

ಅಂಕ: ಸೊನ್ನೆ.