ಶಿಬಿರದ ಹಸುಗೂಸುಗಳಿಗೆ ಹಾಲಿನ ಪುಡಿ: ಒಂದು ಸ್ಪಷ್ಟನೆ

‘ನಿರಾಶ್ರಿತ ತಾಯಂದಿರೇ ಹಸಿದಿದ್ದಾರೆ, ಅವರ ಎದೆಹಾಲು ಬತ್ತಿದೆ, ಕೂಸುಗಳಿಗೆ ಹಾಲಿನ ಪುಡಿ ಕಳುಹಿಸಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದರ ಹಿಂದಿನ ಮರುಕ ನಿಜ, ಮಾಹಿತಿ ಮಾತ್ರ ತಪ್ಪು.

ಅರೆಹೊಟ್ಟೆಯಲ್ಲಿರುವ ತಾಯಿಯೂ ಸಾಮಾನ್ಯವಾಗಿ ಹಾಲುಣಿಸಬಲ್ಲಳು. ಕೂಸು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಆಘಾತ, ಆತಂಕಗಳಿಂದ ಹಾಲು ಇಳಿಯುವುದು ಕೆಲಹೊತ್ತು ತಡವಾಗಬಹುದು, ಅಷ್ಟೇ. ಆಕೆಗೆ ಬೇಕಿರುವುದು ಊಟ, ನೀರು, ಮರೆಯಾಗಿ ಕೂರಲು ಒಂದು ಜಾಗ.

ಪುಡಿ ಕಲಸಲು ಶುದ್ಧ ನೀರು, ಅದನ್ನು ಕುದಿಸಲು ಉರುವಲು, ಬಾಟಲಿ ತೊಳೆಯಲು ಸೋಪು ಬೇಕು. ಶಿಬಿರದಲ್ಲಿ ಕೊರತೆ ಇರುವುದೇ ಇವುಗಳಿಗೆ! 2006ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಭೂಕಂಪವಾದಾಗ ದಾನದ ಪುಡಿಯನ್ನು ಯಥೇಚ್ಛವಾಗಿ ಹಂಚಲಾಯಿತು. ಪುಡಿ ಪಡೆದ ಮನೆಗಳ ಎಳೆಯ ಮಕ್ಕಳಲ್ಲಿ ಭೇದಿಯ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಇಂಥ ದಾನವನ್ನು ಕೇಳಲೂಬಾರದು, ಸ್ವೀಕರಿಸಲೂಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ನಿಲುವು.

ತಾಯಿಯನ್ನು ಕಳೆದುಕೊಂಡ ಕೂಸುಗಳ ಮಾತು ಬೇರೆ. ಎದೆಹಾಲು ಕೊಡುವ ಬೇರೆ ತಾಯಿ ಸಿಗದಿದ್ದರೆ, ಆರೋಗ್ಯ ಕಾರ್ಯಕರ್ತರ ನಿಗಾದಲ್ಲಿ ಶಿಶುಗಳಿಗೆಂದೇ ತಯಾರಿಸಿದ ಪುಡಿ ಹಾಲು ಕೊಡಲಾಗುತ್ತದೆ. ಆರು ತಿಂಗಳು ದಾಟಿದ, ತೀವ್ರವಾಗಿ ಸೊರಗಿದ ಮಕ್ಕಳಿಗೆ ಬಾಂಗ್ಲಾದೇಶದ ರೋಹಿಂಗ್ಯಾ ಶಿಬಿರಗಳಲ್ಲಿ ಕಡಲೆಕಾಯಿಯ ಪೌಷ್ಟಿಕ ಪೇಸ್ಟ್ ಕೊಡುತ್ತಾರೆ. ಅದನ್ನು ನೀರಿನಲ್ಲಿ ಕಲಸಬೇಕಿಲ್ಲ.